ಕಿಂಡಿಯ ಕೈಗೊಂದು ಕಡಗ

ಮೂವತ್ತೆಂಟು ವರ್ಷ ತಾಮ್ರದ ತಂತಿಯ ಜೊತೆ ಏಗಿದ ಮನುಷ್ಯನಿಗೆ ತಾಮ್ರದ ಒಂದು ಕಡಗ ಮಾಡಲು ಬರಲಿಲ್ಲ ಎಂದರೆ ನಗಬೇಡಿ. ನಗುವವರು ಆಗಲೇ ಬೇಕಾದಷ್ಟು ಜನ ನಕ್ಕಾಗಿದೆ. ಅವರಲ್ಲಿ ಮೊದಲನೆಯವಳು ಅವನ ಹೆಂಡತಿಯೇ.

ಬೀದಿಯಲ್ಲಿ ಅವನಿಗೆ ವೈಂಡಿಂಗ್ ಮಾಮ ಎಂದೇ ಹೆಸರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೆಟ್ಟುಹೋದ ಪಂಪು, ಫ್ಯಾನು, ಮಿಕ್ಸಿಗಳ ಹೊಟ್ಟೆ ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸದಾಗಿ ಸುತ್ತಿ ಕೊಡುವುದು ಕಸುಬು. ಗೋಡೆಗೆ ಆನಿಸಿದ ಉದ್ದನೆಯ ಬೆಂಚು, ಅದರ ತುದಿಗೆ ಬಿಗಿದ ಹಿಡಿಕೆಯ ಯಂತ್ರ, ಮೂರು ಹೊತ್ತೂ ವಾರ್ನಿಶ್ ವಾಸನೆ. ಯಂತ್ರಕ್ಕೆ ಸುತ್ತು ಎಣಿಸುವ ಮೀಟರ್ ಇದೆ. ಮಾಮನಿಗೆ ಅದರ ಮೇಲೆ ನಂಬಿಕೆಯಿಲ್ಲ, ಬಾಯಲ್ಲೇ ಎಣಿಸುತ್ತಾನೆ. ಎಣಿಸುವಾಗ ಆಕಾಶ ಕಳಚಿ ಬಿದ್ದರೂ ಅವನನ್ನು ಮಾತಾಡಿಸುವಂತಿಲ್ಲ. "ಊಟಕ್ಕೆ ಬನ್ರೀ" ಎಂದರೆ "ನೂರಾ ನಲವತ್ತೇಳು" ಎಂಬ ಉತ್ತರ ಬರುತ್ತದೆ. ನೂರಾ ನಲವತ್ತೇಳು ಎಂದರೆ ತಟ್ಟೆ ಹಾಕಬಹುದು, ಅರವತ್ತು ಎಂದರೆ ಅನ್ನ ಮುಚ್ಚಿಡಬೇಕು ಎಂದು ಹೆಂಡತಿ ಮದುವೆಯಾದ ವರ್ಷವೇ ಕಲಿತುಬಿಟ್ಟಿದ್ದಳು.

ಆ ಅಂಗಡಿಯಲ್ಲಿ ಒಂದು ಮಾತು ಆಡುವಂತಿರಲಿಲ್ಲ. ಗಿರಾಕಿ ಪಂಪು ಹೊತ್ತು ತಂದು "ಸುಟ್ಟೋಯ್ತಾ ಮಾಮಾ?" ಎಂದರೆ ಮಾಮನ ಮುಖ ಗಂಟಾಗುತ್ತಿತ್ತು. "ಸುಟ್ಟಿಲ್ಲ, ಮಲಗಿದೆ. ಎಬ್ಬಿಸೋಣ" ಎನ್ನುತ್ತಿದ್ದ. ಒಳಗಿನ ತಂತಿ ಇದ್ದಿಲಾಗಿ ಉದುರುತ್ತಿದ್ದರೂ ಅದು ಮಲಗಿದೆ, ಅಷ್ಟೇ. ಕೆಲಸ ಕಲಿಸಿದ ಗುರುವಿನಿಂದ ಬಂದ ಅಭ್ಯಾಸ ಅದು. ತಂತಿ ಸುಡುವುದೆಂದರೆ ಈ ಕಸುಬಿನವರಿಗೆ ಸಾವಿನ ಸುದ್ದಿ, ಅದನ್ನು ಕಾಯಿಲೆಯವರ ಮುಂದೆ ಆಡಬಾರದು ಎಂದು ಗುರು ಕಿವಿ ಹಿಂಡಿ ಹೇಳಿಕೊಟ್ಟಿದ್ದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಂಡತಿ ಊರಿಗೆಲ್ಲ ಟಿಕೆಟ್ ಅಕ್ಕ. ಅಕ್ಕನ ಗಂಡ ಭಾವ ಆಗಬೇಕಿತ್ತಲ್ಲ, ಮಾಮ ಹೇಗಾದ ಎಂದು ಕೇಳಬೇಡಿ. ಬೀದಿಯ ನೆಂಟಸ್ತಿಕೆಗೆ ತಲೆಬುಡ ಇರುವುದಿಲ್ಲ. ಬಸ್ ನಿಲ್ದಾಣದ ಮೂರನೇ ಕೌಂಟರಿನಲ್ಲಿ ಅವಳದು ಮೂವತ್ತೆರಡು ವರ್ಷದ ಸರ್ವಿಸ್. ಆ ಕೌಂಟರಿನ ಗಾಜಿನ ತುಂಬ ಬಸ್ಸುಗಳ ವೇಳಾಪಟ್ಟಿ ಅಂಟಿಸಿದ್ದಾರೆ. ಕೆಳಗೆ ಅರ್ಧ ಚಂದ್ರನಂಥ ಒಂದು ಕಿಂಡಿ. ಹೀಗಾಗಿ ಪ್ರಯಾಣಿಕರಿಗೆ ಕೇಳುವುದು ಒಂದು ದನಿ, ಕಾಣುವುದು ಒಂದು ಕೈ. ಮಿಕ್ಕ ಕೌಂಟರಿನ ಕೈಗಳು ಟಿಕೆಟನ್ನು ಕಟ್ಟೆಯ ಮೇಲೆ ಎಸೆಯುತ್ತವೆ. ಅಕ್ಕನ ಕೈ ಮಾತ್ರ ಪ್ರಯಾಣಿಕರ ಅಂಗೈಯಲ್ಲಿ ಇಟ್ಟು, ಬೆರಳಿನಿಂದ ಒಂದು ಸಲ ಒತ್ತುತ್ತದೆ, ಗಾಳಿಗೆ ಹಾರದಿರಲಿ ಎಂದು. ಎರಡನೇ ಕೌಂಟರ್ ಖಾಲಿ ಇದ್ದರೂ ಜನ ಮೂರನೆಯದರ ಸಾಲಿನಲ್ಲಿ ನಿಲ್ಲುವುದು ಅದಕ್ಕೇ.

ಮಾಮ ಅವಳನ್ನು ಪ್ರೀತಿಸಿದ್ದೂ ಕೈಯಿಂದ ಶುರುಮಾಡಿಯೇ. ಒಂದು ಶನಿವಾರ ತಂತಿ ತರಲೆಂದು ಬಸ್ಸಿನ ಕೊನೇ ಸ್ಟಾಪಿನ ಊರಿಗೆ ಹೊರಟವನು ಟಿಕೆಟ್ ತೆಗೆದುಕೊಂಡ. ಆಮೇಲೆ ನಾಲ್ಕು ತಿಂಗಳು ಪ್ರತಿ ಶನಿವಾರ ಹೋಗಿ ಕೊನೇ ಸ್ಟಾಪಿಗೆ ಟಿಕೆಟ್ ತೆಗೆದುಕೊಂಡು, ಬಸ್ ಹತ್ತದೆ, ಟಿಕೆಟನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ವಾಪಸ್ ಬರುತ್ತಿದ್ದ. ಮುಖ ನೋಡಿರಲೇ ಇಲ್ಲ. ಒಂದು ದಿನ ಒಳಗಿನಿಂದ ದನಿ ಬಂತು: "ಅಲ್ರೀ, ವಾರ ವಾರ ಟಿಕೆಟ್ ತಗೋತೀರಿ, ಬಸ್ ಒಂದು ಸಲಾನೂ ಹತ್ತಲ್ವಂತೆ. ಕಂಡಕ್ಟರ್ ಹೇಳ್ತಿದ್ದ." ಮಾಮ ಬೆವತು, ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಓಡಿದ. ಮದುವೆಯಾದ ಮೇಲೆ ಕೇಳಿದ್ದ, ಅಷ್ಟು ಜನರ ಮಧ್ಯೆ ನಾನೇ ಅಂತ ಹೇಗೆ ಗೊತ್ತಾಯಿತು ಎಂದು. "ನಿಮಗೆ ನಾನು ಕಾಣಿಸ್ದೇ ಇದ್ರೆ ನನಗೆ ನೀವು ಕಾಣಿಸ್ತೀರಾ? ಒಳಗಡೆಯಿಂದ್ಲೂ ಬರೀ ಕೈನೇ ಕಾಣೋದು. ನಿಮ್ಮ ತೋರುಬೆರಳಲ್ಲಿ ಗೆರೆ ಇದೆ ನೋಡಿ" ಎಂದಿದ್ದಳು. ವರ್ಷಗಟ್ಟಲೆ ಬೆರಳಿನ ಮೇಲೆ ತಂತಿ ಓಡಿ ಓಡಿ ಬಿದ್ದ ಗೆರೆ ಅದು.

ಈಗ ಆ ಕೈ ಮುರಿಯಿತು. ಮನೆಯ ಮೆಟ್ಟಿಲಲ್ಲಿ ಅಕ್ಕ ಜಾರಿ ಬಿದ್ದಳು, ಬಲಗೈ ಮಣಿಕಟ್ಟು ಕೆಳಗೆ ಸಿಕ್ಕಿಕೊಂಡಿತು. ಆಸ್ಪತ್ರೆಯಲ್ಲಿ ಊದಿದ ಕೈಯಿಂದ ಬಳೆ ಕತ್ತರಿಸಿ ತೆಗೆದರು, ಕೊಯ್ದು ಒಳಗೆ ಲೋಹದ ಪಟ್ಟಿ ಕೂರಿಸಿದರು. ಮೂರು ತಿಂಗಳಿಗೆ ಬೆರಳುಗಳು ಮೊದಲಿನಂತೆ ಆಡತೊಡಗಿದವು. ಆದರೆ ಮಣಿಕಟ್ಟು ಒಂದು ಕಡೆ ವಾಲಿಕೊಂಡಿತ್ತು, ಮೂಳೆಯೊಂದು ಗುಬುಟಾಗಿ ಎದ್ದಿತ್ತು, ಅಂಗೈ ಬುಡದಿಂದ ಮೇಲಕ್ಕೆ ಹೊಲಿಗೆಯ ಗುರುತು ಜಿಪ್ಪಿನ ಹಾಗೆ ನಿಂತಿತ್ತು. ಅಕ್ಕ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಒಂದು ಬೆಳಿಗ್ಗೆ ಹಾಲಿನ ಅಂಗಡಿಯಿಂದ ಬಂದವಳು ಮಾತ್ರ, "ಚಿಲ್ಲರೆ ಯಾವಾಗ್ಲೂ ಕೈಗೆ ಕೊಡ್ತಿದ್ದ. ಇವತ್ತು ನನ್ನ ಕೈ ನೋಡಿ ಪೆಟ್ಟಿಗೆ ಮೇಲಿಟ್ಟ" ಎಂದು ಹೇಳಿ ಒಳಗೆ ಹೋದಳು. ಅಂದಿನಿಂದ ಆ ಕೈ ಸೆರಗಿನಡಿಯಿಂದ ಹೊರಗೆ ಬರಲಿಲ್ಲ.

ರಜೆ ಮುಗಿಯಲು ಒಂಬತ್ತು ದಿನ ಇತ್ತು. ಆ ಶನಿವಾರ ಮಾಮ ಫ್ಯೂಸ್ ತಂತಿಗೆಂದು ಮೇಜಿನ ಡ್ರಾಯರ್ ಎಳೆದಾಗ ಒಂದು ಅರ್ಜಿ ಸಿಕ್ಕಿತು. ಹೆಂಡತಿಯದೇ ಅಕ್ಷರ, ಸ್ವಲ್ಪ ಸೊಟ್ಟಗಾಗಿತ್ತು. ರಜೆ ಮುಗಿದ ಸೋಮವಾರ ಕೆಲಸಕ್ಕೆ ಹಾಜರಾಗುವಾಗ ತನ್ನನ್ನು ಕೌಂಟರಿನಿಂದ ತೆಗೆದು ಹಿಂದಿನ ದಾಖಲೆ ಕೋಣೆಗೆ ಹಾಕಬೇಕಾಗಿ ವಿನಂತಿ. ಆ ಕೋಣೆಯನ್ನು ಮಾಮ ನೋಡಿದ್ದ. ಹಳೆಯ ಟಿಕೆಟ್ ಪುಸ್ತಕಗಳನ್ನು ಸೂರಿನವರೆಗೆ ಒಟ್ಟಿದ, ಕಿಟಕಿಯಿಲ್ಲದ ಗೂಡು. ಅಲ್ಲಿ ಹೋದವರು ನಿವೃತ್ತಿಯ ದಿನವೇ ಹೊರಗೆ ಬರುವುದು. ಅಕ್ಕನಿಗೆ ಇನ್ನೂ ನಾಲ್ಕು ವರ್ಷ ಬಾಕಿ ಇತ್ತು. ಮಾಮ ಅರ್ಜಿಯನ್ನು ಇದ್ದ ಹಾಗೇ ಮಡಚಿ ಡ್ರಾಯರಿಗೆ ಹಾಕಿದ.

ಬುದ್ಧಿ ಇರುವ ಗಂಡನಾಗಿದ್ದರೆ ಹೋಗಿ ಮಾತಾಡುತ್ತಿದ್ದ. ಮಾಮನಿಗೆ ಮಾತು ಬಾರದು, ಬರುವುದು ತಂತಿ. ಒಂದು ಅಗಲವಾದ ಕಡಗ ಮಾಡಿದರೆ ಆ ಹೊಲಿಗೆ, ಆ ಗುಬುಟು ಎಲ್ಲ ಅದರ ಕೆಳಗೆ ಹೋಗುತ್ತವೆ, ಸೋಮವಾರ ಕೈ ಕಿಂಡಿಗೆ ಬರುತ್ತದೆ ಎಂದು ಲೆಕ್ಕ ಹಾಕಿದ. ತಾಮ್ರ ತಾನೇ, ನನಗೇನು ಹೊಸದೇ ಎಂದುಕೊಂಡ. ಇಲ್ಲೇ ಅವನು ಎಡವಿದ್ದು.

ಮೊದಲನೆಯ ಕಡಗವನ್ನು ಕೈ ಹೇಗೆ ಹೇಳಿತೋ ಹಾಗೆ ಮಾಡಿದ. ಕೊಳವೆಯ ತುಂಡಿಗೆ ಬಿಗಿಯಾಗಿ ಅರವತ್ತು ಸುತ್ತು ಸುತ್ತಿ, ನಾಲ್ಕು ಕಡೆ ಹತ್ತಿಯ ಪಟ್ಟಿ ಬಿಗಿದು, ಅಭ್ಯಾಸಬಲದಿಂದ ವಾರ್ನಿಶಿಗೂ ಅದ್ದಿ ತೆಗೆದ. ಬೆಂಚಿನ ಮೇಲೆ ಒಣಗುತ್ತಿದ್ದುದನ್ನು ಅಕ್ಕ ಕಂಡಳು.

"ಯಾವ ಪಂಪಿನದ್ರೀ ಇದು? ಪುಟಾಣಿ ಪಂಪು ಪಾಪ."

"ಪಂಪಿಂದಲ್ಲ."

"ಮತ್ತೆ?"

"ಸುಮ್ನೆ. ಕೈ ಖಾಲಿ ಇತ್ತು."

ಅಕ್ಕ ಅದನ್ನು ಎತ್ತಿ ಆ ಕಡೆ ಈ ಕಡೆ ತಿರುಗಿಸಿ, "ಕರೆಂಟ್ ಕೊಟ್ರೆ ತಿರುಗುತ್ತೆ ಬಿಡಿ" ಎಂದು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಮೂರು ತಿಂಗಳಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಹಾಗಾಗಿ ಮಾಮನಿಗೆ ಸೋತದ್ದಕ್ಕೆ ಅಷ್ಟೇನೂ ಬೇಜಾರಾಗಲಿಲ್ಲ.

ಆಮೇಲೆ ದಪ್ಪ ತಂತಿ ಹಿಡಿದ. ಮನೆಗಳಲ್ಲಿ ಅರ್ಥಿಂಗಿಗೆ ಹಾಕುತ್ತಾರಲ್ಲ, ಮೇಲೆ ಏನೂ ಬಳಿಯದ ಬರಿ ತಾಮ್ರ, ಅದು. ಮೂರು ಎಳೆ ಸೇರಿಸಿ ಒಂದು ತುದಿಯನ್ನು ಕೈ ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿದರೆ ಹುರಿ ಚೆನ್ನಾಗಿ ಬಂತು. ಅಂಥ ಹುರಿಗಳನ್ನು ಪಕ್ಕ ಪಕ್ಕ ಜೋಡಿಸಿ ಸಣ್ಣ ತಂತಿಯಿಂದ ಹೆಣೆದ. ಮಣಿಕಟ್ಟಿನ ಅಳತೆಗೆ ಬಗ್ಗಿಸಿದ. ಕೊನೆಗೆ ಉಳಿದಿದ್ದು ಒಂದು ಕೊಕ್ಕೆ ಮಾತ್ರ. ಕೊಕ್ಕೆಯನ್ನು ಒಂದು ಸಲ ಬಗ್ಗಿಸಿದ, ಸರಿಬರಲಿಲ್ಲ. ನೆಟ್ಟಗೆ ಮಾಡಿ ಮತ್ತೆ ಬಗ್ಗಿಸಿದ. ಮೂರನೇ ಸಲಕ್ಕೆ ಅದು ಪಟ್ಟೆಂದು ಮುರಿದು ಕೈಗೆ ಬಂತು. ಬೇರೆ ತುಂಡು, ಬೇರೆ ಕೊಕ್ಕೆ, ಮತ್ತೆ ಪಟ್. ಮೂರು ದಿನದಲ್ಲಿ ಹನ್ನೊಂದು ಕೊಕ್ಕೆ ಮುರಿದವು. ಇಕ್ಕಳದ ಹಲ್ಲಿನ ಗುರುತು ತಾಮ್ರದ ಮೇಲೆಲ್ಲ ಇಲಿ ಕಡಿದಂತೆ ಮೂಡಿತು. ತಂತಿ ಸರಿಯಿಲ್ಲ ಎಂದು ಬೈದ, ಇಕ್ಕಳ ಸರಿಯಿಲ್ಲ ಎಂದು ಬೈದ, ಬೆಳಕು ಸರಿಯಿಲ್ಲ ಎಂದು ಬಲ್ಬು ಬದಲಾಯಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಬುಧವಾರ ಮುರಿದ ಕೊಕ್ಕೆಗಳನ್ನು ಜೇಬಿಗೆ ಹಾಕಿಕೊಂಡು ಬೀದಿಯ ಮೂಲೆಗೆ ಹೋದ. ಅಲ್ಲಿ ಕಲಾಯಿ ಅಜ್ಜ ಕೂರುತ್ತಾನೆ. ಎಂಬತ್ತು ದಾಟಿದೆ. ತಾಮ್ರದ ಪಾತ್ರೆಗಳ ಒಳಗೆ ತವರ ಬಳಿದು ಬೆಳ್ಳಗೆ ಮಾಡುವುದು, ತೂತು ಮುಚ್ಚುವುದು ಅವನ ಕೆಲಸ. ಅಜ್ಜ ಒಂದು ಕೊಕ್ಕೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ.

"ಸುಟ್ಟಿದ್ಯಾ ತಮ್ಮಾ?"

ಅರವತ್ತರ ಮಾಮನನ್ನು ತಮ್ಮಾ ಎನ್ನುವವರು ಇನ್ನೂ ಒಬ್ಬರಾದರೂ ಇದ್ದಾರೆ ಎಂದು ಖುಷಿಪಡುವ ಹೊತ್ತು ಅದಲ್ಲ. "ಅಜ್ಜಾ, ಆ ಮಾತು ಆಡ್ಬೇಡಿ. ತಂತಿ ಸುಡಬಾರ್ದು ಅಂತಲೇ ನಾನು ಜನ್ಮವೆಲ್ಲ ಹೊಡೆದಾಡಿದ್ದು."

"ನಿನ್ನ ಮೋಟಾರ್ ಕಥೆ ಬಿಡು. ತಾಮ್ರ ಬಗ್ಗಿಸ್ದಷ್ಟೂ ಹಟ ಹಿಡಿಯುತ್ತೆ, ಬಡಿದಷ್ಟೂ ಬಿಗಿಯುತ್ತೆ. ಆಮೇಲೆ ಮುರಿಯುತ್ತೆ. ಕೆಂಪಗಾಗೋವರ್ಗೂ ಬೆಂಕಿ ತೋರ್ಸಿ ನೀರಿಗೆ ಹಾಕು. ಬೆಣ್ಣೆ ಆಗುತ್ತೆ."

"ಕಬ್ಬಿಣ ಹಾಗೆ ಮಾಡಿದ್ರೆ ಗಟ್ಟಿಯಾಗುತ್ತಲ್ಲ ಅಜ್ಜಾ?"

"ಕಬ್ಬಿಣದ ಬುದ್ಧಿ ಬೇರೆ, ತಾಮ್ರದ ಬುದ್ಧಿ ಬೇರೆ. ಮಾಡಿ ಮುಗಿದ್ಮೇಲೆ ಮರದ ಸುತ್ತಿಗೇಲಿ ಮೆಲ್ಲಗೆ ತಟ್ಟು, ಆಕಾರ ನಿಲ್ಲುತ್ತೆ."

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರೆ. ಈ ವಯಸ್ಸಲ್ಲಿ ನನಗೆ ಇದು ಬರುತ್ತಾ?"

"ಅದು ಮರದ ಗಾದೆ" ಎಂದು ಅಜ್ಜ ಒಲೆಯ ತಿದಿ ಒತ್ತಿದ. "ನಾನು ಹೇಳ್ತಿರೋದು ತಾಮ್ರದ ವಿಷ್ಯ. ಹೋಗು, ಬಿಸಿಲಿಗೆ ಅಡ್ಡ ನಿಲ್ಬೇಡ."

ಮಾಮ ಮನೆಗೆ ಬಂದ. ಒಲೆ ಹಚ್ಚುವುದಕ್ಕೆ ಎರಡು ದಿನ ಹಿಡಿಯಿತು. ಎರಡು ಸಲ ತಂತಿಯನ್ನು ಉರಿಯ ಹತ್ತಿರ ಒಯ್ದು ವಾಪಸ್ ತಂದ. ಸತ್ತ ಗುರು ಬೆನ್ನ ಹಿಂದೆ ನಿಂತು ಕಿವಿಗೆ ಕೈ ಹಾಕಿದಂತಾಗುತ್ತಿತ್ತು. ಶುಕ್ರವಾರ ಮಧ್ಯಾಹ್ನ ಅಕ್ಕ ಮಹಡಿಯಲ್ಲಿ ಬಟ್ಟೆ ಮಡಚುತ್ತಿದ್ದಾಗ, ಹೆಣೆದ ಅಗಲ ಪಟ್ಟಿಯನ್ನೇ ಇಕ್ಕಳದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಗ್ಯಾಸ್ ಒಲೆಯ ಮೇಲೆ ಒಡ್ಡಿದ.

ಹುರಿಗಳೇನೋ ಬರಿ ತಾಮ್ರದವು. ಹೆಣೆಯಲು ಬಳಸಿದ ಸಣ್ಣ ತಂತಿ ಮಾತ್ರ ಅಂಗಡಿಯ ಮೋಟಾರ್ ತಂತಿ, ಮೈತುಂಬ ಎನಾಮಲ್ ಬಳಿದದ್ದು. ಮೂವತ್ತೆಂಟು ವರ್ಷ ಅದನ್ನೇ ಮುಟ್ಟಿದ ಕೈಗೆ ಅದು ಬೇರೆ ಎಂದು ಹೊಳೆಯಲೇ ಇಲ್ಲ. ಒಂದು ನಿಮಿಷದಲ್ಲಿ ಮನೆ ತುಂಬ ಕಪ್ಪು ಹೊಗೆ, ಸುಟ್ಟ ಮೋಟಾರಿನ ಘಾಟು. ಘಾಟು ಬೀದಿಗೂ ಇಳಿಯಿತು. ಎದುರುಮನೆಯಾಕೆ ಓಡಿ ಹೋಗಿ ತನ್ನ ಪಂಪು ನಿಲ್ಲಿಸಿದಳು. ಮೂರನೇ ಮನೆಯವನು ತನ್ನ ಫ್ಯಾನು, ಮಿಕ್ಸಿ ಎಲ್ಲದರ ಸ್ವಿಚ್ ಆರಿಸಿ ಹೊರಗೆ ಬಂದು, "ಯಾರ್ದು ಸುಟ್ಟಿದ್ದು?" ಎಂದು ಕೂಗಿದ. ವೈಂಡಿಂಗ್ ಮಾಮನ ಅಡುಗೆಮನೆಯಿಂದಲೇ ಆ ವಾಸನೆ ಬರುತ್ತಿದೆ ಎಂದು ತಿಳಿದಾಗ ಬೀದಿಗೆ ಬೀದಿಯೇ ನಕ್ಕಿತು. ಡಾಕ್ಟರಿಗೇ ಜ್ವರ ಬಂದಿದೆ ನೋಡಿ ಎಂದು ಯಾರೋ ಅಂದರು.

ಮಾಮ ಗಾಬರಿಯಲ್ಲಿ ಕೆಂಪಗೆ ಕಾದ ಪಟ್ಟಿಯನ್ನು ನೀರಿಗೆ ಬಿಡುವಾಗ ಬೆರಳು ತಗುಲಿಸಿಕೊಂಡ. ತೋರುಬೆರಳಿನ ಗೆರೆಯ ಪಕ್ಕದಲ್ಲೇ ಬೊಬ್ಬೆ ಎದ್ದಿತು. ಅಷ್ಟರಲ್ಲಿ ಅಕ್ಕ ಇಳಿದು ಬಂದಿದ್ದಳು. ಕಿಟಕಿ ತೆರೆದು, ಅವನ ಬೆರಳು ನೋಡಿ, ನೀರಿನಿಂದ ಆ ಪಟ್ಟಿಯನ್ನು ಎತ್ತಿದಳು. ಅದು ಬಟ್ಟೆಯ ಹಾಗೆ ಬಳುಕಿತು. ಅಜ್ಜ ಹೇಳಿದ್ದು ನಿಜ. ಅಕ್ಕ ಅದನ್ನು ನೋಡಿದಳು, ತನ್ನ ಮಣಿಕಟ್ಟು ನೋಡಿಕೊಂಡಳು. ಎರಡರ ಅಳತೆಯೂ ಒಂದೇ ಇತ್ತು.

"ನನಗಾ ಇದು?"

"ಹೂಂ. ಸೋಮವಾರಕ್ಕೆ. ಇಷ್ಟು ಅಗಲ ಇದ್ರೆ ಎಲ್ಲಾ ಮುಚ್ಚಿಹೋಗುತ್ತೆ. ಅರ್ಜಿ ನೋಡ್ದೆ."

ಅಕ್ಕ ಪಟ್ಟಿಯ ಅಗಲಕ್ಕೆ ನಾಲ್ಕು ಬೆರಳು ಇಟ್ಟು ನೋಡಿದಳು. ಅವಳ ದನಿ ಸಣ್ಣದಾಗಿತ್ತು. "ಹಾಲಿನವ್ನು ಪೆಟ್ಟಿಗೆ ಮೇಲಿಟ್ಟ. ನೀವು ಮುಚ್ಚೋಕೆ ಹೊರಟ್ರಿ. ನಿಮಗೂ ನೋಡೋಕಾಗ್ತಿಲ್ಲ ಅಲ್ವಾ?"

ಪಟ್ಟಿಯನ್ನು ಮತ್ತೆ ನೀರಿಗೆ ಬಿಟ್ಟು ಒಳಗೆ ಹೋದಳು. ಮಾಮ ಇಕ್ಕಳ ಹಿಡಿದುಕೊಂಡು ನಿಂತೇ ಇದ್ದ. ಅವನಿಗೆ ಹಾಗಿರಲಿಲ್ಲ, ಖಂಡಿತ ಹಾಗಿರಲಿಲ್ಲ. ಆದರೆ ನಾಲ್ಕು ಬೆರಳು ಅಗಲದ ಆ ಪಟ್ಟಿಯನ್ನು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು. ಅವಳ ಕೈಗೆ ಒಡವೆ ಮಾಡುತ್ತೇನೆಂದು ಹೊರಟವನು ಮುಚ್ಚಳ ಮಾಡಿದ್ದ. ಅದು ಅರ್ಥವಾದಾಗ ಅವನಿಗೆ ಬೊಬ್ಬೆಯ ಉರಿಯೂ ಮರೆತುಹೋಯಿತು.

ಶನಿವಾರ ಇಡೀ ಬಿಚ್ಚುತ್ತ ಕೂತ. ಬಿಚ್ಚುವುದು ಅವನ ಕಸುಬಿನ ಅರ್ಧ ಭಾಗ, ಅದಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ. ಕಪ್ಪಾದ ಸಣ್ಣ ತಂತಿಯನ್ನೆಲ್ಲ ಕಿತ್ತೆಸೆದು, ಹುರಿಗಳಲ್ಲಿ ಒಂದನ್ನೇ ಒಂದು ಉಳಿಸಿಕೊಂಡ. ಭಾನುವಾರ ಬೆಳಿಗ್ಗೆ ಅದನ್ನು ಮತ್ತೆ ಕಾಯಿಸಿ ನೀರಿಗೆ ಹಾಕಿದ. ಈ ಸಲ ಬೀದಿಗೆ ಏನೂ ಗೊತ್ತಾಗಲಿಲ್ಲ. ಇಕ್ಕಳದ ಬಾಯಿಗೆ ಹಳೆ ಬನಿಯನ್ನಿನ ತುಂಡು ಸುತ್ತಿಕೊಂಡು ಕೊಕ್ಕೆ ಬಗ್ಗಿಸಿದ. ಮುರಿಯಲಿಲ್ಲ. ಇನ್ನೊಂದು ತುದಿಗೆ ಕೊಕ್ಕೆ ಕೂರಲು ಒಂದು ಉಂಗುರ. ಎಡಗೈ ಒಂದರಲ್ಲೇ ಹಾಕಿಕೊಳ್ಳಲು ಬರಬೇಕು ತಾನೆ, ಅದಕ್ಕೆ ತನ್ನ ಬಲಗೈಗೆ ತಾನೇ ಹಾಕಿ ತೆಗೆದು, ಹಾಕಿ ತೆಗೆದು ನೋಡಿದ. ಎಷ್ಟು ಸಲ ಎಂದು ಎಣಿಸಲು ಮರೆತ. ನಿಂಬೆಹಣ್ಣು ಉಪ್ಪು ಹಾಕಿ ತಿಕ್ಕಿದಾಗ ಕಪ್ಪು ಹೋಗಿ ತಾಮ್ರದ ಬಣ್ಣ ಎದ್ದಿತು. ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದ. ಪೂರಾ ದುಂಡಗೆ ಬರಲಿಲ್ಲ. ಒಂದು ಕಡೆ ಸ್ವಲ್ಪ ವಾಲಿಕೊಂಡೇ ಇತ್ತು.

ಸಂಜೆ ಅಕ್ಕ ಮೇಜಿನ ಹತ್ತಿರ ಕೂತಿದ್ದಳು, ಅರ್ಜಿ ಮುಂದಿತ್ತು. ಮಾಮ ಕಡಗವನ್ನು ಅದರ ಮೇಲಿಟ್ಟ.

"ಇದು ಏನನ್ನೂ ಮುಚ್ಚಲ್ಲ" ಎಂದ. "ನೋಡು, ಇಷ್ಟೇ ಸಣ್ಣ. ಹೊಲಿಗೆ ಹೊಲಿಗೆ ಥರಾನೇ ಕಾಣುತ್ತೆ. ಕಾಣ್ಲಿ. ನಾನು ಪ್ರೀತಿ ಮಾಡಿದ್ದು ಆ ಕೈನ ಕಣೇ. ಮುಖ ಆಮೇಲೆ ನೋಡಿದ್ದು. ಇನ್ನು ನಾಲ್ಕು ವರ್ಷ ಅದು ಆ ಕಿಂಡಿಯಿಂದ ಹೊರಗೆ ಬರಲ್ಲ ಅಂದ್ರೆ ನನಗೆ ತಡ್ಕೊಳ್ಳೋಕಾಗಲ್ಲ. ಇಷ್ಟೇ ನಾನು ಹೇಳಬೇಕಿದ್ದು. ನಿನ್ನಿಷ್ಟ."

ಅಷ್ಟು ಉದ್ದದ ಮಾತನ್ನು ಅವನು ಮೂವತ್ತು ವರ್ಷದಲ್ಲಿ ಆಡಿರಲಿಲ್ಲ. ಅಕ್ಕ ಕಡಗ ಮುಟ್ಟಲಿಲ್ಲ. "ಬೆರಳಿಗೆ ಮುಲಾಮು ಹಚ್ಕೊಂಡ್ರಾ?" ಎಂದು ಮಾತ್ರ ಕೇಳಿದಳು.

ಸೋಮವಾರ ಮಾಮ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಮೇಜಿನ ಮೇಲೆ ಕಡಗವೂ ಇರಲಿಲ್ಲ, ಅರ್ಜಿಯೂ ಇರಲಿಲ್ಲ. ಮಾಮ ಅಂಗಡಿ ತೆರೆದ. ಒಂದು ಫ್ಯಾನಿನ ತಂತಿ ಸುತ್ತಲು ಕೂತು, ನಲವತ್ತಕ್ಕೆ ಒಂದು ಸಲ, ಎಪ್ಪತ್ತಕ್ಕೆ ಒಂದು ಸಲ ಲೆಕ್ಕ ತಪ್ಪಿದ. ಹುಟ್ಟಿದಾರಭ್ಯ ಹಾಗಾಗಿರಲಿಲ್ಲ. ಬಾಗಿಲು ಹಾಕಿ ಬಸ್ ನಿಲ್ದಾಣಕ್ಕೆ ನಡೆದ.

ಮೂರನೇ ಕೌಂಟರಿನ ಮುಂದೆ ಸಾಲಿತ್ತು. ಒಂದನೆಯದರ ಮುಂದೆಯೂ ಸಾಲಿತ್ತು, ಹಾಗಾಗಿ ಅದರಿಂದ ಏನೂ ತಿಳಿಯಲಿಲ್ಲ. ಗಾಜಿನ ತುಂಬ ವೇಳಾಪಟ್ಟಿ. ಮುಂದೆ ಏಳು ಜನರ ಬೆನ್ನು. ಒಬ್ಬೊಬ್ಬರಾಗಿ ಸರಿದರು. ಮಾಮನ ಮುಂದಿದ್ದ ಮುದುಕಿ ಟಿಕೆಟ್ ತೆಗೆದುಕೊಂಡು, ಕಿಂಡಿಗೆ ಬಾಯಿ ಹಚ್ಚಿ, "ಬಂದ್ಯೇನಮ್ಮಾ? ಏನಾಗಿತ್ತು ಕೈಗೆ?" ಎಂದಳು. ಒಳಗಿನಿಂದ "ಬಿದ್ದಿದ್ದೆ ಕಣಮ್ಮಾ, ಈಗ ಎದ್ದೆ" ಎಂದು ಉತ್ತರ ಬಂತು.

ಮಾಮ ಮುಂದೆ ಹೋಗಿ ಕೈ ಚಾಚಿದ. "ಎಲ್ಲಿಗೆ?" ಎಂದಿತು ದನಿ. ಅವನು ದುಡ್ಡನ್ನು ಕಿಂಡಿಯ ಮುಂದಿಟ್ಟ. ಕಿಂಡಿಯಿಂದ ಆ ಕೈ ಹೊರಗೆ ಬಂತು. ವಾಲಿದ ಮಣಿಕಟ್ಟು, ಗುಬುಟೆದ್ದ ಮೂಳೆ, ಜಿಪ್ಪಿನಂಥ ಹೊಲಿಗೆ, ಎಲ್ಲ ಹಾಗೇ ಇತ್ತು, ಬೆಳಕಿನಲ್ಲಿ. ಅದರ ಮೇಲೆ ವಾಲಿದ ತಾಮ್ರದ ಕಡಗ. ಕೈ ಅವನ ಬೆರಳಿನ ಹತ್ತಿರ ಬಂದು ನಿಂತಿತು. ಗೆರೆಯ ಪಕ್ಕದ ಬೊಬ್ಬೆಯನ್ನು ಒಂದು ಬೆರಳು ಮೆಲ್ಲಗೆ ಮುಟ್ಟಿತು.

"ಕೊನೇ ಸ್ಟಾಪ್ ತಾನೆ?"

ಮಾಮ ತಲೆಯಾಡಿಸಿದ. ಗಾಜಿನಾಚೆ ಅದು ಕಾಣುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. "ಅರ್ಜಿ ಏನ್ಮಾಡ್ದೆ?" ಎಂದು ಕಷ್ಟಪಟ್ಟು ಕೇಳಿದ.

"ಇಲ್ಲಿ ಕುರ್ಚಿ ಕಾಲು ಕುಂಟ್ತಾ ಇತ್ತು. ಮಡಚಿ ಕೆಳಗೆ ಕೊಟ್ಟಿದ್ದೀನಿ." ಕೈ ಟಿಕೆಟನ್ನು ಅವನ ಅಂಗೈಯಲ್ಲಿಟ್ಟು, ಬೆರಳಿನಿಂದ ಒಂದು ಸಲ ಒತ್ತಿತು. "ಈ ಸಲ ಬಸ್ ಹತ್ತಿ. ಹಿಂದೆ ಜನ ಕಾಯ್ತಿದ್ದಾರೆ, ಜರುಗ್ರೀ."

ಮಾಮ ಬಸ್ ಹತ್ತಿ ಕಿಟಕಿಯ ಪಕ್ಕ ಕೂತ. ಕೊನೇ ಸ್ಟಾಪಿನಲ್ಲಿ ಅವನಿಗೆ ಯಾವ ಕೆಲಸವೂ ಇರಲಿಲ್ಲ. ಹೋಗಿ ಬಂದ.